ಲಿವರ್ ಬಳಸುವ ವಿಧಾನ: ಕಾವಲುಗಾರರ ಅಧ್ಯಾಯ

ಅಭಿನಂದನೆಗಳು. ನೀವು ಸುಮಾರು ಒಂದೂವರೆ ಕಿಲೋ ತೂಕದ, ಕೆಂಗಂದು ಬಣ್ಣದ, ಭಾನುವಾರವೂ ರಜೆ ಕೇಳದ ಯಂತ್ರವೊಂದರ ಮಾಲೀಕರು. ಮಿಕ್ಸಿ ಕೊಂಡಾಗ ಪೆಟ್ಟಿಗೆಯ ತಳದಲ್ಲಿ ಸಿಗುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಮುಚ್ಚಳ ಸರಿಯಾಗಿ ಕೂರದೆ ಚಟ್ನಿ ಚಿಮ್ಮಿ ಗೋಡೆಯೆಲ್ಲ ಹಸಿರಾದ ಮೇಲೆ ಅಟ್ಟ ಹತ್ತಿ ಹುಡುಕುತ್ತಾರೆ. ಲಿವರಿನ ಕೈಪಿಡಿಯದೂ ಅದೇ ಹಣೆಬರಹ. ಕೇಳಿಕೊಂಡು ಬರುವವರ ಕಣ್ಣು ಅಷ್ಟರಲ್ಲಿ ಹಳದಿಯಾಗಿರುತ್ತದೆ.

ಪೂರ್ತಿ ಕೈಪಿಡಿ ದೊಡ್ಡದು. ಪಿತ್ತರಸ, ಸಕ್ಕರೆ ದಾಸ್ತಾನು, ಕೊಲೆಸ್ಟರಾಲ್ ಲೆಕ್ಕ ಎಲ್ಲ ಬೇರೆ ಸಂಪುಟಗಳಲ್ಲಿವೆ. ಇಲ್ಲಿರುವುದು ಒಂದೇ ಅಧ್ಯಾಯ: ಯಂತ್ರದ ಒಳಗೇ ಬಿಡಾರ ಹೂಡಿರುವ ಕಾವಲುಗಾರರು ಯಾರು, ವಿಷ ಒಳಗೆ ಬಂದಾಗ ಅವರು ಏನು ಮಾಡುತ್ತಾರೆ ಎಂಬುದು. ವಿಷ ಎಂದೊಡನೆ ಸಿನಿಮಾದ ಖಳನಾಯಕಿಯ ಕೈಯಲ್ಲಿರುವ ಸಣ್ಣ ಸೀಸೆ ನೆನೆಯಬೇಡಿ. ಜ್ವರದ ಮಾತ್ರೆ, ಶನಿವಾರ ಸಂಜೆಯ ಬಿಯರು, ಬೆಳಗಿನ ಕಷಾಯ, ಇಷ್ಟು ಸಾಕು.

ಕರಡು ಓದಿದ ನಮ್ಮ ಎದುರುಮನೆ ರಾಯರು ಮುನ್ನುಡಿಯನ್ನೂ ದಾಟದೆ ಕೇಳಿದ್ದು ಒಂದೇ ಪ್ರಶ್ನೆ. “ಇಮ್ಯುನಿಟಿ ಜಾಸ್ತಿ ಮಾಡೋ ಗುಂಡಿ ಎಲ್ಲಿದೆ ಸ್ವಾಮಿ? ಅದೊಂದು ತೋರಿಸಿಬಿಡಿ, ಮಿಕ್ಕಿದ್ದು ನಾನೇ ನೋಡ್ಕೋತೀನಿ.” ಗುಂಡಿಯ ವಿಷಯ ಮುಂದೆ ಬರುತ್ತದೆ. ಅಲ್ಲಿಯವರೆಗೆ ಯಂತ್ರದ ಹಿಂಬದಿಯನ್ನು ತಡಕಬಾರದಾಗಿ ಕೋರಿಕೆ.

1. ಜೋಡಣೆ

ಯಂತ್ರ ಬಲಗಡೆ ಪಕ್ಕೆಲುಬುಗಳ ಕೆಳಗೆ ಜೋಡಿಸಿಯೇ ಬರುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಇದರೊಳಗೆ ಹಾಯುತ್ತದೆ. ಹೃದಯ ತಳ್ಳುವ ಒಟ್ಟು ರಕ್ತದಲ್ಲಿ ಇದು ಕಾಲು ಪಾಲು. ಅದರಲ್ಲಿ ಮುಕ್ಕಾಲು ಭಾಗ ಹೃದಯದಿಂದ ನೇರವಾಗಿ ಬಂದದ್ದಲ್ಲ, ಕರುಳನ್ನು ಸುತ್ತಿ ಬಂದದ್ದು. ಎಂದರೆ ನೀವು ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ, ಜೊತೆಗೆ ಕರುಳಿನಲ್ಲಿ ಸಂಸಾರ ಹೂಡಿರುವ ಬ್ಯಾಕ್ಟೀರಿಯಾಗಳ ಚೂರುಪಾರು, ಎಲ್ಲವೂ ದೇಹದ ಉಳಿದ ಭಾಗಗಳಿಗೆ ಹೋಗುವ ಮುನ್ನ ಇಲ್ಲಿ ಬಂದು ನಿಲ್ಲಬೇಕು. ಎಪಿಎಂಸಿ ಯಾರ್ಡಿಗೆ ಬೆಳಗಿನ ಜಾವ ಬರುವ ಲಾರಿಗಳನ್ನು ನೆನೆಸಿಕೊಳ್ಳಿ. ಒಳ್ಳೆಯ ಈರುಳ್ಳಿಯ ಜೊತೆ ಕೊಳೆತದ್ದೂ ಇರುತ್ತದೆ, ಮಣ್ಣೂ ಇರುತ್ತದೆ, ಯಾವುದೋ ಒಂದು ಚೀಲದ ಸಂದಿಯಲ್ಲಿ ಚೇಳೂ ಇರುತ್ತದೆ.

ಒಳಗೆ ರಕ್ತ ಹರಿಯುವುದು ಬಹಳ ಇಕ್ಕಟ್ಟಾದ ಗಲ್ಲಿಗಳಲ್ಲಿ, ಬಹಳ ನಿಧಾನವಾಗಿ. ಗಲ್ಲಿಯ ಗೋಡೆ ಜಾಲರಿಯಂತೆ ತೂತುತೂತು. ಗೋಡೆಯಾಚೆ ದುಡಿಯುವ ಲಿವರ್ ಕೋಶಗಳಿವೆ. ಸರಕು ಬಿಚ್ಚುವುದು, ವಿಷ ಮುರಿಯುವುದು, ಬಿಲ್ ಬರೆಯುವುದು ಅವುಗಳ ಪಾಲಿನ ಕೆಲಸ. ಗಲ್ಲಿಯೊಳಗೇ, ಹರಿಯುವ ರಕ್ತದ ನಡುವೆ ಕೈಕಾಲು ಚಾಚಿ ಗೋಡೆಗೆ ಅಂಟಿಕೊಂಡು ನಿಂತವರು ನಮ್ಮ ಅಧ್ಯಾಯದ ನಾಯಕರು: ಕುಪ್ಫರ್ ಕೋಶಗಳು. ದೇಹದ ಅಂಗಾಂಶಗಳಲ್ಲಿ ಕಾಯಂ ನೆಲೆಸಿರುವ ಭಕ್ಷಕ ಕೋಶಗಳಲ್ಲಿ ಶೇ. 80ಕ್ಕೂ ಹೆಚ್ಚು ಇವರೇ. ಇವರ ಪೂರ್ವಿಕರು ಬಂದು ನೆಲೆಸಿದ್ದು ನೀವು ಹುಟ್ಟುವುದಕ್ಕೂ ಮೊದಲು, ಭ್ರೂಣದ ಕಾಲದಲ್ಲಿ. ಆಮೇಲೆ ಸಂತಾನ ಇಲ್ಲೇ ಬೆಳೆಯಿತು. ಊರಿನ ಮೂಲನಿವಾಸಿಗಳು ಎನ್ನಬಹುದು. ಕೆಲಸ ಜಾಸ್ತಿಯಾದಾಗ ಮೂಳೆಮಜ್ಜೆಯಿಂದ ದಿನಗೂಲಿಯವರೂ ಬರುತ್ತಾರೆ. ಮೂಲನಿವಾಸಿಗೂ ದಿನಗೂಲಿಗೂ ಇರುವ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿನ್ಯಾಸದ ವಿಚಿತ್ರ. ಕಾವಲುಗಾರರು ಹೆಚ್ಚಾಗಿ ನಿಂತಿರುವುದು ರಕ್ತ ಒಳಬರುವ ಗೇಟಿನ ಕಡೆ. ಕೆಲವು ಔಷಧಗಳನ್ನು ಮುರಿಯಲು ಹೋಗಿ ಮೂಲಕ್ಕಿಂತ ಘಾಟಾದ ವಿಷವನ್ನು ತಯಾರಿಸಿಬಿಡುವ ಕಿಣ್ವಗಳ ಕಾರ್ಖಾನೆ ಇರುವುದು ಗಲ್ಲಿಯ ಆ ತುದಿಯಲ್ಲಿ, ರಕ್ತ ಹೊರಹೋಗುವ ಕಡೆ. ಗೇಟಿನಲ್ಲಿ ಜೇಬು ತಡಕುತ್ತಾರೆ, ಪಟಾಕಿ ತಯಾರಾಗುವುದು ಹಿತ್ತಲಿನಲ್ಲಿ.

2. ಬಿಡಿಭಾಗಗಳು (ತಿದ್ದುಪಡಿ ಸಹಿತ)

ಹಳೆಯ ಆವೃತ್ತಿಗಳಲ್ಲಿ ಅಚ್ಚಿನ ತಪ್ಪೊಂದಿತ್ತು. ಅದು ಸುಮಾರು ಒಂದು ಶತಮಾನ ಹಾಗೇ ಉಳಿದುಕೊಂಡಿತು.

1876ರಲ್ಲಿ ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಲಿವರಿನ ತೆಳು ಹೋಳುಗಳಿಗೆ ಚಿನ್ನದ ಲವಣದ ಬಣ್ಣ ಹಾಕಿ ನೋಡಿದರು. ನಕ್ಷತ್ರದಂತೆ ಕೈ ಚಾಚಿದ ಕಪ್ಪು ಕೋಶಗಳು ಕಂಡವು. ‘ನಕ್ಷತ್ರ ಕೋಶ’ ಎಂದು ಹೆಸರಿಟ್ಟರು. ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ, ರಕ್ತದಲ್ಲಿ ತೇಲಿ ಬಂದದ್ದನ್ನು ನುಂಗುವ ಕೋಶಗಳನ್ನು ಗಲ್ಲಿಯೊಳಗೆ ಕಂಡು, ಎರಡೂ ಒಂದೇ ಎಂದು ತಿಳಿದರು. ಅದೇ ಸುಮಾರಿಗೆ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ತಾದೆಯೂಷ್ ಬ್ರೊವಿಚ್ ಎಂಬ ವೈದ್ಯ ವಿಜ್ಞಾನಿ ಆ ನುಂಗುಕೋಶಗಳನ್ನು ಸರಿಯಾಗಿ ಗುರುತಿಸಿದ್ದರು. ಹೆಸರು ಮಾತ್ರ ಕುಪ್ಫರರ ಪಾಲಾಯಿತು. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಆ ಹಳೆಯ ಚಿನ್ನದ ಬಣ್ಣವನ್ನೇ ಮತ್ತೆ ಹಾಕಿ ನೋಡಿದಾಗ ಗೊತ್ತಾಯಿತು: 1876ರ ನಕ್ಷತ್ರಗಳು ಕಾವಲುಗಾರರೇ ಆಗಿರಲಿಲ್ಲ! ಅವು ಗೋಡೆಯಾಚೆ ಕೂತು ಎ ವಿಟಮಿನ್ ಕಾಪಾಡುವ ಉಗ್ರಾಣದವರು. ದೇಹದ ಎ ವಿಟಮಿನ್‌ನ ಬಹುಪಾಲು ಇವರ ಸುಪರ್ದಿಯಲ್ಲಿದೆ.

ಹೀಗಾಗಿ ಇಂದು ಕುಪ್ಫರ್ ಎಂಬ ಫಲಕ ತೂಗುತ್ತಿರುವುದು ಕುಪ್ಫರ್ ಮೊದಲು ಕಂಡ ಕೋಶದ ಮೇಲಲ್ಲ, ಅದರ ಪಕ್ಕದ ಮನೆಯ ಮೇಲೆ. ನಮ್ಮ ಕಡೆ ರಸ್ತೆಗೆ ಹೆಸರಿಡುವ ಸಮಿತಿಗಳಲ್ಲಿ ಕೂತವರಿಗೆ ಇದು ವಿಶೇಷ ಅನ್ನಿಸಲಾರದು. ಗ್ರಾಹಕರು ಗಮನಿಸಬೇಕಾದದ್ದು ಬೇರೆ: ಉಗ್ರಾಣದವರೂ ಕಾವಲುಗಾರರೂ ಅಷ್ಟು ಹತ್ತಿರ ವಾಸವಿದ್ದಾರೆ, ಒಬ್ಬರು ಕೂಗಿದರೆ ಇನ್ನೊಬ್ಬರು ಎದ್ದು ಬರುತ್ತಾರೆ. ಅದರ ಪರಿಣಾಮ ವಾರಂಟಿ ಪುಟದಲ್ಲಿದೆ.

ಇವರಲ್ಲದೆ ನೈಸರ್ಗಿಕ ಹಂತಕ ಕೋಶಗಳು, ಬಗೆಬಗೆಯ ಟಿ ಕೋಶಗಳು ಸಹ ಲಿವರಿನಲ್ಲಿ ದಂಡಿಯಾಗಿವೆ. ಎಲ್ಲರ ಹೆಸರು ಕೊಟ್ಟರೆ ಇದು ಮತದಾರರ ಪಟ್ಟಿಯಾಗುತ್ತದೆ.

3. ದಿನನಿತ್ಯದ ಬಳಕೆ

ಯಂತ್ರ ಸರಿಯಾಗಿ ನಡೆಯುತ್ತಿರುವಾಗ ಕಾವಲುಗಾರರು ಮಹಾ ಸೋಮಾರಿಗಳಂತೆ ಕಾಣುತ್ತಾರೆ. ಹೆದರಬೇಡಿ, ದೋಷವಲ್ಲ. ಸವೆದ ಕೆಂಪು ರಕ್ತಕಣಗಳನ್ನು ಮೆಲ್ಲುತ್ತಾರೆ. ಕರುಳಿನಿಂದ ಬಂದ ಬ್ಯಾಕ್ಟೀರಿಯಾ ಚೂರುಗಳನ್ನು ಸದ್ದಿಲ್ಲದೆ ನುಂಗುತ್ತಾರೆ. ಇದೇ ಚೂರು ಬೇರೆ ಕಡೆ, ಅಂದರೆ ಬೆರಳಿನ ಗಾಯದಲ್ಲೋ ಶ್ವಾಸಕೋಶದಲ್ಲೋ ಕಂಡಿದ್ದರೆ ಕೆಂಪು, ಊತ, ಜ್ವರ ಎಂದು ಊರೆಲ್ಲ ಡಂಗುರ. ಇಲ್ಲಿ ಅಂಥ ಚೂರುಗಳು ಗಂಟೆಗಂಟೆಗೂ ಬರುತ್ತವೆ. ಪ್ರತಿಯೊಂದಕ್ಕೂ ಸೈರನ್ ಊದಿದರೆ ಮಧ್ಯಾಹ್ನದ ಊಟವಾದ ಮೇಲೆಲ್ಲ ನಿಮಗೆ ಜಾಂಡಿಸ್ ಬರಬೇಕಾಗುತ್ತಿತ್ತು.

ಈ ಸೈರಣೆ ಎಷ್ಟೆಂದು ತೋರಿಸಿಕೊಟ್ಟವು ಹಂದಿಗಳು. 1969ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಶಸ್ತ್ರವೈದ್ಯ ರಾಯ್ ಕಾನ್ ಮತ್ತು ಜೊತೆಯವರು ಒಂದು ಹಂದಿಯ ಲಿವರನ್ನು ಇನ್ನೊಂದಕ್ಕೆ ಕಸಿ ಮಾಡಿದರು. ರೋಗನಿರೋಧಕತೆಯನ್ನು ತಗ್ಗಿಸುವ ಔಷಧ ಕೊಡದಿದ್ದರೂ ಹಲವು ಹಂದಿಗಳು ಪರರ ಲಿವರನ್ನು ತಮ್ಮದೆಂದೇ ಒಪ್ಪಿಕೊಂಡವು. ಅಷ್ಟೇ ಸಾಲದೆಂಬಂತೆ, ಆಮೇಲೆ ಅದೇ ದಾನಿಯ ಚರ್ಮ, ಮೂತ್ರಪಿಂಡಗಳ ಬಗ್ಗೆಯೂ ಮೆದುವಾದವು. ಲಿವರ್ ಎಂಬುದು ಬಂದವರನ್ನೆಲ್ಲ ‘ಆಗಲಿ ಬಿಡಿ, ಕೂತ್ಕೊಳ್ಳಿ’ ಎನ್ನುವ ಹಳೇ ಮೈಸೂರಿನ ಮನೆಯ ಜಗಲಿ. ಕಾವಲುಗಾರನ ಕಸುಬುಗಾರಿಕೆ ಇರುವುದೇ ಇಲ್ಲಿ. ಯಾವಾಗ ಲಾಠಿ ಎತ್ತಬಾರದು ಎಂದು ಅವನಿಗೆ ಗೊತ್ತು. ರಾಯರು ಈ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅದು ಹಾಗೇ ಇರಲಿ.

4. ಪ್ರಾತ್ಯಕ್ಷಿಕೆ: ಜ್ವರದ ಮಾತ್ರೆ

ಎಚ್ಚರಿಕೆ: ಇದನ್ನು ಓದುವುದಷ್ಟೇ, ಮಾಡಿ ನೋಡುವುದಿಲ್ಲ.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧ. ಅಮೆರಿಕದ ಹಾರ್ಮನ್ ಮೋರ್ಸ್ 1878ರಲ್ಲೇ ಇದನ್ನು ತಯಾರಿಸಿದ್ದರೂ ಅಂಗಡಿಗೆ ಬಂದದ್ದು 1950ರ ದಶಕದಲ್ಲಿ. ಕ್ರೋಸಿನ್ ಎನ್ನಿ, ಡೋಲೋ ಎನ್ನಿ, ನೆಗಡಿಯ ಮಾತ್ರೆಯ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ, ಒಳಗಿರುವ ಆಸಾಮಿ ಒಬ್ಬನೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಅವಘಡಗಳಲ್ಲಿ ಅನೇಕವು ಆಗುವುದು ಮೈಕೈ ನೋವಿಗೊಂದು, ನೆಗಡಿಗೊಂದು, ಜ್ವರಕ್ಕೊಂದು ಎಂದು ಮೂರು ಹೆಸರಿನಲ್ಲಿ ಒಂದೇ ಔಷಧ ನುಂಗಿದಾಗ.

ಸರಿಯಾದ ಪ್ರಮಾಣದಲ್ಲಿ ಬಂದರೆ ಲಿವರ್ ಕೋಶಗಳು ಬಹುಪಾಲನ್ನು ಪೊಟ್ಟಣ ಕಟ್ಟಿ ಮೂತ್ರದ ದಾರಿಗೆ ಕಳಿಸುತ್ತವೆ. ಸ್ವಲ್ಪ ಮಾತ್ರ ಹಿತ್ತಲ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಅದು ನ್ಯಾಪ್ಕಿ ಎಂಬ ಪೋಕರಿ ಅಣುವಾಗಿ ಬದಲಾಗುತ್ತದೆ. ಗ್ಲುಟಾಥಯೋನ್ ಎಂಬ ಮತ್ತೊಂದು ಅಣು ಅದರ ಕೊರಳಪಟ್ಟಿ ಹಿಡಿದು ಆಚೆ ನೂಕುತ್ತದೆ. ಮಾತ್ರೆ ಅತಿಯಾದರೆ ಗ್ಲುಟಾಥಯೋನ್ ದಾಸ್ತಾನು ಮುಗಿದುಹೋಗುತ್ತದೆ. ಉಪವಾಸವಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಪ್ರಯೋಗದ ಇಲಿಗಳಿಗೆ ಹಿಂದಿನ ರಾತ್ರಿ ಊಟ ಹಾಕದಿರುವುದು ಇದಕ್ಕಾಗಿಯೇ. ಆಗ ನ್ಯಾಪ್ಕಿ ಕೋಶದ ಪ್ರೋಟೀನುಗಳಿಗೆ, ಮುಖ್ಯವಾಗಿ ಅದರ ಇಂಧನಮನೆಯಾದ ಮೈಟೊಕಾಂಡ್ರಿಯಾಗಳಿಗೆ ಕಚ್ಚಿಕೊಳ್ಳುತ್ತದೆ. ಕೋಶ ಒಡೆಯುತ್ತದೆ. 1966ರಲ್ಲಿ ಸ್ಕಾಟ್ಲೆಂಡಿನಿಂದ ಮಿತಿಮೀರಿದ ಸೇವನೆಯ ಮೊದಲ ಲಿವರ್ ಸಾವುಗಳ ವರದಿ ಬಂತು. 1973ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗ್ಲುಟಾಥಯೋನ್ ಲೆಕ್ಕವನ್ನು ಬಿಡಿಸಿಟ್ಟರು. ಅದೇ ಲೆಕ್ಕದಿಂದ ಹೊಳೆದ ಮದ್ದು ಅಸಿಟೈಲ್‌ಸಿಸ್ಟೀನ್, ಬರಿದಾದ ದಾಸ್ತಾನನ್ನು ಮತ್ತೆ ತುಂಬುವ ಔಷಧ. ಎಂಟು ಗಂಟೆಯೊಳಗೆ ಕೊಟ್ಟರೆ ಬಹುಪಾಲು ಎಲ್ಲರೂ ಬದುಕಿಕೊಳ್ಳುತ್ತಾರೆ. ಮೊದಲ ದಿನ ಒಂದಿಷ್ಟು ಓಕರಿಕೆ ಬಿಟ್ಟರೆ ಏನೂ ಕಾಣಿಸದೇ ಇರಬಹುದು. ಆದ್ದರಿಂದ ಮಾತ್ರೆ ಹೆಚ್ಚಾಯಿತು ಎಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದ ವಾಕ್ಯ ಇದು.

ಇಷ್ಟರವರೆಗೆ ನಡೆದದ್ದು ಶುದ್ಧ ರಸಾಯನ. ಕಾವಲುಗಾರರ ಪ್ರವೇಶ ಈಗ.

ಒಡೆದ ಕೋಶದ ಹೊಟ್ಟೆಯಲ್ಲಿದ್ದದ್ದು ಗಲ್ಲಿಗೆ ಚೆಲ್ಲುತ್ತದೆ: ಡಿಎನ್ಎ ತುಂಡು, ಮೈಟೊಕಾಂಡ್ರಿಯಾದ ಚೂರು, ಕೋಶಕೇಂದ್ರದ ಪ್ರೋಟೀನು. ಅಡುಗೆಮನೆಯ ಡಬ್ಬಿಗಳು ಬೀದಿಯಲ್ಲಿ ಬಿದ್ದಿದ್ದರೆ ಒಳಗೆ ಏನೋ ಆಗಿದೆ ಎಂದು ಹೇಗೆ ಗೊತ್ತಾಗುತ್ತದೋ ಹಾಗೆ ಕುಪ್ಫರ್ ಕೋಶಗಳಿಗೆ ಗೊತ್ತಾಗುತ್ತದೆ. ಜಗಲಿಯ ಮೇಲೆ ಕೂತಿದ್ದವರು ಧಡಕ್ಕನೆ ಎದ್ದು ಸೀಟಿ ಊದುತ್ತಾರೆ. ಈ ಸೀಟಿಗಳಿಗೆ ಸೈಟೊಕೈನ್ ಎಂದು ಹೆಸರು. ಕೆಲವು ‘ಬೆಂಕಿ, ಬೆಂಕಿ’ ಎನ್ನುತ್ತವೆ, ಕೆಲವು ‘ಸಾಕು, ತಣ್ಣಗಾಗಿ’ ಎನ್ನುತ್ತವೆ. ತಮಾಷೆಯೆಂದರೆ ಎರಡನ್ನೂ ಊದುವ ಬಾಯಿ ಒಂದೇ ಇರಬಹುದು. ಸೀಟಿ ಕೇಳಿ ಮೊದಲು ಓಡಿಬರುವವರು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು. ಆಮೇಲೆ ಮೂಳೆಮಜ್ಜೆಯ ದಿನಗೂಲಿಯವರು, ಎಂದರೆ ಮಾನೊಸೈಟ್‌ಗಳು. ಬಂದಾಗ ಕೈಯಲ್ಲಿ ದೊಣ್ಣೆ ಇರುತ್ತದೆ. ಎರಡು ಮೂರು ದಿನ ಅಲ್ಲೇ ಇದ್ದು ಹೆಣ ಎತ್ತಿ, ಕಸ ಗುಡಿಸುತ್ತ ಹೋದಂತೆ ಅವರ ಸ್ವಭಾವವೇ ಬದಲಾಗುತ್ತದೆ. ದೊಣ್ಣೆ ಕೆಳಗಿಟ್ಟು ಕರಣೆ ಹಿಡಿಯುತ್ತಾರೆ, ಗಾರೆ ಕೆಲಸಕ್ಕೆ ನಿಲ್ಲುತ್ತಾರೆ.

ಹಾಗಾದರೆ ಒಟ್ಟು ನಷ್ಟದಲ್ಲಿ ಮಾತ್ರೆಯ ಪಾಲೆಷ್ಟು, ಸೀಟಿಯ ಪಾಲೆಷ್ಟು? ಕಾವಲುಗಾರರು ಇಲ್ಲದಿದ್ದರೆ ಗಾಯ ಸಣ್ಣದಾಗುತ್ತಿತ್ತೆ, ದೊಡ್ಡದಾಗುತ್ತಿತ್ತೆ? ಇದನ್ನು ತಿಳಿಯಲು ಸ್ವಿಚ್ ಆಫ್ ಮಾಡಿ ನೋಡಬೇಕು.

5. ಸ್ವಿಚ್

ಯಂತ್ರದಲ್ಲಿ ಸ್ವಿಚ್ ಇಲ್ಲ. ಹೊರಗಿನಿಂದ ಜೋಡಿಸಿ ನೋಡಿದವರಿದ್ದಾರೆ.

ಕಾವಲುಗಾರರ ದೌರ್ಬಲ್ಯ ಹೊಟ್ಟೆಬಾಕತನ. ಎದುರಿಗೆ ತೇಲಿ ಬಂದದ್ದನ್ನು ನುಂಗದೆ ಇರಲಾರರು. ಗ್ಯಾಡೊಲಿನಿಯಂ ಎಂಬ ಲೋಹದ ಲವಣ ಕೊಟ್ಟರೆ ನುಂಗಿ ನಿಶ್ಚೇಷ್ಟಿತರಾಗುತ್ತಾರೆ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಡೆಬ್ರಾ ಲಾಸ್ಕಿನ್ ಮತ್ತು ಸಂಗಡಿಗರು ಹೀಗೆ ಕಾವಲುಗಾರರ ಬಾಯಿ ಕಟ್ಟಿ, ಆಮೇಲೆ ಇಲಿಗಳಿಗೆ ಭಾರಿ ಪ್ರಮಾಣದ ಪ್ಯಾರಾಸಿಟಮಾಲ್ ಕೊಟ್ಟರು. 1995ರ ಅವರ ವರದಿಯ ಪ್ರಕಾರ ಲಿವರ್ ಬಹುಮಟ್ಟಿಗೆ ಬಚಾವಾಯಿತು. ಡ್ರೈಕ್ಲೀನಿಂಗ್‌ಗೆ ಒಂದು ಕಾಲಕ್ಕೆ ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಘೋರ ವಿಷದಲ್ಲೂ ಇಂಥದ್ದೇ ಫಲಿತಾಂಶ ಅದಕ್ಕೂ ಎರಡು ವರ್ಷ ಮೊದಲೇ ಬಂದಿತ್ತು. ತೀರ್ಪು ಸಿದ್ಧವಾಯಿತು: ವಿಷ ಹಚ್ಚಿದ್ದು ಕಿಡಿ, ಮನೆ ಸುಟ್ಟದ್ದು ಕಾವಲುಗಾರರು.

2002ರಲ್ಲಿ ತೀರ್ಪು ತಲೆಕೆಳಗಾಯಿತು. ಡಚ್ ವಿಜ್ಞಾನಿ ನಿಕೊ ಫಾನ್ ರೊಯೆನ್ ರೂಪಿಸಿದ್ದ ಇನ್ನೊಂದು ಉಪಾಯವಿತ್ತು: ಮೂಳೆಯ ಔಷಧವಾದ ಕ್ಲೊಡ್ರೊನೇಟನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿ ಬಿಡುವುದು. ಭಕ್ಷಕರು ಲಾಡು ಎಂದುಕೊಂಡು ನುಂಗಿ ಸತ್ತೇಹೋಗುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಿಂಥಿಯಾ ಜೂ, ಲ್ಯಾನ್ಸ್ ಪೋಲ್ ಮುಂತಾದವರು ಚಿಟ್ಟಿಲಿಗಳಿಗೆ ಈ ಲಾಡು ತಿನ್ನಿಸಿದರು. ಕುಪ್ಫರ್ ಕೋಶಗಳು ಹೆಚ್ಚುಕಡಿಮೆ ಪೂರ್ತಿ ನಿರ್ನಾಮವಾದವು. ಆಗ ಪ್ಯಾರಾಸಿಟಮಾಲ್ ಗಾಯ ಕಡಿಮೆಯಾಗಲಿಲ್ಲ, ಇನ್ನೂ ಭೀಕರವಾಯಿತು. ‘ಸಾಕು, ತಣ್ಣಗಾಗಿ’ ಎಂಬ ಸೀಟಿ ಊದುವವರೇ ಇರಲಿಲ್ಲವಲ್ಲ! ಗ್ಯಾಡೊಲಿನಿಯಂ ಕಾವಲುಗಾರರನ್ನು ಅರೆಬರೆ ತೆಗೆದಿತ್ತು, ಲಾಡು ಪೂರ್ತಿ ತೆಗೆಯಿತು. ಇಬ್ಬರ ಪ್ರಯೋಗವೂ ಸರಿ, ಆದರೆ ಇಬ್ಬರೂ ಕೇಳಿದ ಪ್ರಶ್ನೆ ಒಂದೇ ಆಗಿರಲಿಲ್ಲ. ಆರು ಗಂಟೆಯ ಹೊತ್ತಿಗೆ ಕೊಳ್ಳಿ ಹಿಡಿದವನೇ ನಲವತ್ತೆಂಟನೆಯ ಗಂಟೆಗೆ ನೀರಿನ ಬಿಂದಿಗೆ ಹೊತ್ತಿರುವ ಊರಿನಲ್ಲಿ ‘ಇವನು ಒಳ್ಳೆಯವನೋ ಕೆಟ್ಟವನೋ’ ಎಂದು ವಿಚಾರಿಸಿದರೆ, ಉತ್ತರ ನೀವು ಎಷ್ಟು ಹೊತ್ತಿಗೆ ಹೋಗಿ ಕೇಳಿದಿರಿ ಎನ್ನುವುದರ ಮೇಲಿರುತ್ತದೆ.

ಇದಕ್ಕಿಂತ ನನಗೆ ಪ್ರಿಯವಾದ ಕತೆ ಇನ್ನೊಂದಿದೆ. 2004ರಲ್ಲಿ ಲಾಸ್ ಏಂಜಲೀಸ್‌ನ ನೀಲ್ ಕ್ಯಾಪ್ಲೊವಿಟ್ಜ್ ಅವರ ತಂಡ ಹೇಳಿತು: ಪ್ಯಾರಾಸಿಟಮಾಲ್ ಗಾಯವನ್ನು ಉಲ್ಬಣಿಸುವವರು ಹಂತಕ ಕೋಶಗಳು, ಅವರನ್ನು ತೆಗೆದುಹಾಕಿದರೆ ಇಲಿ ಬದುಕುತ್ತದೆ. ಚೆನ್ನಾದ ಪ್ರಯೋಗ, ಸ್ಪಷ್ಟ ಫಲಿತಾಂಶ. ನಾಲ್ಕು ವರ್ಷದ ಮೇಲೆ ಪೋಲ್ ಅವರ ಪ್ರಯೋಗಾಲಯ ಇದನ್ನೇ ಮತ್ತೆ ಮಾಡಿ ನೋಡಿತು. ಪ್ಯಾರಾಸಿಟಮಾಲ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ಡಿಎಂಎಸ್ಓ ಎಂಬ ದ್ರಾವಕವನ್ನು ಸ್ವಲ್ಪ ಬೆರೆಸುವುದಿತ್ತು. ಆ ದ್ರಾವಕವೇ ಲಿವರಿನ ಹಂತಕ ಕೋಶಗಳನ್ನು ಕೆರಳಿಸುತ್ತಿತ್ತು! ದ್ರಾವಕವಿಲ್ಲದೆ ಕೊಟ್ಟಾಗ ಹಂತಕರು ಇದ್ದರೂ ಇಲ್ಲದಿದ್ದರೂ ಗಾಯ ಅಷ್ಟೇ. ಮದುವೆ ಊಟ ತಿಂದು ಹೊಟ್ಟೆ ಕೆಟ್ಟವರು ಅಡುಗೆಭಟ್ಟರನ್ನು ಬೈದು, ಕೊನೆಗೆ ನೋಡಿದರೆ ಟ್ಯಾಂಕರ್ ನೀರಿನದು ತಪ್ಪು ಎಂದಾದಂತೆ. ಟಾಕ್ಸಿಕಾಲಜಿಯ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಬೇಕಾದ ಕತೆ ಇದು ಎಂದು ನನ್ನ ಅಭಿಪ್ರಾಯ. ನಿಷ್ಪಾಪಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳದ ದ್ರಾವಕಕ್ಕೂ ಈ ಕಾವಲುಗಾರರು ಉತ್ತರ ಕೊಡುತ್ತಾರೆ. ವಿಷವೊಂದನ್ನು ಗಾಜಿನ ತಟ್ಟೆಯಲ್ಲಿ ಬರೀ ಲಿವರ್ ಕೋಶಗಳ ಮೇಲೆ ಸುರಿದು ‘ಸುರಕ್ಷಿತ’ ಎಂದು ಮೊಹರು ಒತ್ತಿದರೆ ಅದು ಕಾವಲುಗಾರರಿಲ್ಲದ ಊರಿಗೆ ಕೊಟ್ಟ ಮೊಹರು. ಟ್ರೊವಾಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಕೆಲವರ ಲಿವರನ್ನು ಕೆಡಿಸಿ 1999ರಲ್ಲಿ ಬಹುತೇಕ ಮೂಲೆ ಸೇರಿತು. ಒಂಟಿಯಾಗಿ ಕೊಟ್ಟರೆ ಅದು ಇಲಿಗೆ ಏನೂ ಮಾಡುತ್ತಿರಲಿಲ್ಲ. ಬ್ಯಾಕ್ಟೀರಿಯಾದ ಚೂರಿನ ಜೊತೆ, ಎಂದರೆ ಕಾವಲುಗಾರರು ಆಗಲೇ ಎದ್ದು ನಿಂತಿದ್ದಾಗ ಕೊಟ್ಟರೆ ಮಾತ್ರ ಅದರ ಹಲ್ಲು ಕಾಣುತ್ತಿತ್ತು.

6. ದ್ರವ ಪದಾರ್ಥಗಳು

ಮದ್ಯದ ಬಗ್ಗೆ ಎಲ್ಲರಿಗೂ ಎಲ್ಲ ಗೊತ್ತಿದೆ, ಆದ್ದರಿಂದ ಗೊತ್ತಿಲ್ಲದ ಒಂದನ್ನಷ್ಟೇ ಹೇಳುತ್ತೇನೆ. ಮದ್ಯ ಲಿವರನ್ನು ಕೆಡಿಸುವ ದಾರಿಗಳಲ್ಲಿ ಒಂದು ಕರುಳಿನ ಮೂಲಕ ಹೋಗುತ್ತದೆ. ಕುಡಿತ ಕರುಳಿನ ಗೋಡೆಯನ್ನು ಸೋರುವಂತೆ ಮಾಡುತ್ತದೆ. ದಿನಾ ನಾಲ್ಕು ಚೂರು ಬರುತ್ತಿದ್ದ ಗೇಟಿಗೆ ನಾನೂರು ಚೂರು ಬರುತ್ತದೆ. ಜಗಲಿಯ ಸೈರಣೆ ತಪ್ಪುತ್ತದೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ರೊನಾಲ್ಡ್ ಥರ್ಮನ್ ಅವರ ತಂಡ 1994ರಲ್ಲಿ ಕಾವಲುಗಾರರ ಬಾಯಿ ಕಟ್ಟಿ ಇಲಿಗಳಿಗೆ ವಾರಗಟ್ಟಲೆ ಮದ್ಯ ಕೊಟ್ಟಾಗ ಲಿವರಿನ ಆರಂಭದ ಗಾಯ ತಪ್ಪಿತು. ಮರುವರ್ಷ ಬರೀ ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದಾಗಲೂ ತಪ್ಪಿತು. (ಇದನ್ನು ಓದಿ ಬಾರಿಗೆ ಹೋಗುವಾಗ ಜೇಬಿನಲ್ಲಿ ಆ್ಯಂಟಿಬಯಾಟಿಕ್ ಇಟ್ಟುಕೊಳ್ಳುವ ಯೋಚನೆ ಬಂದವರು ಈ ಕೈಪಿಡಿಯನ್ನು ಅಂಗಡಿಗೆ ಹಿಂದಿರುಗಿಸಿ.)

7. ಗುಂಡಿ

ಬಂದೆ ರಾಯರೆ.

ಕೋವಿಡ್ ಕಾಲದಲ್ಲಿ ನಮ್ಮ ಬೀದಿಯ ಕಾಂಪೌಂಡುಗಳ ಮೇಲೆಲ್ಲ ಅಮೃತಬಳ್ಳಿ ಹಬ್ಬಿತ್ತು. ರಾಯರು ಬೆಳಿಗ್ಗೆ ಆರಕ್ಕೆ ಗೇಣುದ್ದದ ಕಾಂಡ ಜಜ್ಜಿ, ಮೆಣಸು ಹಾಕಿ ಕುದಿಸಿ, ಒಂದು ಲೋಟ ತಾವು ಕುಡಿದು ಇನ್ನೊಂದು ಲೋಟ ಗೋಡೆಯಾಚೆ ನನಗೆ ದಾಟಿಸುತ್ತಿದ್ದರು. ಕಹಿಯಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಯಲ್ಲಿ ಬೆಳೆದವನು ನಾನೂ.

2021ರಲ್ಲಿ ಮುಂಬೈನ ವೈದ್ಯರು ಆರು ರೋಗಿಗಳ ವಿಷಯ ಪ್ರಕಟಿಸಿದರು. ಅಮೃತಬಳ್ಳಿ ಸೇವಿಸುತ್ತಿದ್ದವರು, ಜಾಂಡಿಸ್ ಎಂದು ಬಂದವರು. ಲಿವರಿನ ಚೂರು ತೆಗೆದು ನೋಡಿದರೆ ಅದು ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬಿದ್ದಂತಿತ್ತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು, ಬಹುಪಾಲು ಅದೇ ಚಿತ್ರ. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೋ ಅದರಂತೆಯೇ ಕಾಣುವ ಸೋದರ ಬಳ್ಳಿಯೋ ಎಂದು ಪರೀಕ್ಷಿಸಿಲ್ಲ ಎಂದು ಆಕ್ಷೇಪಿಸಿತು. ಗಿಡ ಗುರುತಿಸದೆ ದೂರುವುದು ತಪ್ಪೆಂಬ ಮಾತು ಸರಿಯೇ. ಗಿಡ ಗುರುತಿಸದೆ ಕುಡಿಯುವುದೂ ಅಷ್ಟೇ ತಪ್ಪು ಎಂದು ಅದೇ ಉಸಿರಿನಲ್ಲಿ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಲಕ್ಷಾಂತರ ಜನ ಕುಡಿದರು, ಕಾಯಿಲೆಯಾದದ್ದು ಕೆಲವರಿಗೆ. ರಾಯರಿಗೆ ಏನೂ ಆಗಲಿಲ್ಲ, ನನಗೂ ಇಲ್ಲ.

ಆ ‘ಕೆಲವರು’ ಯಾರೆನ್ನುವುದೇ ಈ ಅಧ್ಯಾಯದ ಗಂಟು. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್ ತೆಗೆದುಕೊಳ್ಳುವ ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಏರುತ್ತವೆ. ಬಹುಪಾಲು ಜನರಲ್ಲಿ ಮಾತ್ರೆ ಮುಂದುವರಿಯುತ್ತಿದ್ದಂತೆಯೇ ತಾವಾಗಿ ಇಳಿಯುತ್ತವೆ. ಔಷಧ ಅಂಟಿಕೊಂಡು ವಿಕಾರವಾದ ಪ್ರೋಟೀನುಗಳನ್ನು ಕಂಡ ಕಾವಲುಗಾರರು ಸ್ವಲ್ಪ ಗುರುಗುಟ್ಟಿ, ಮತ್ತೆ ಜಗಲಿಯಲ್ಲಿ ಕೂರುತ್ತಾರೆ. ಕೂರದವರು ಕೆಲವರು. ಅರಿಶಿನದ ಮಾತ್ರೆಗಳಿಂದ ಲಿವರ್ ಕೆಟ್ಟ ಹತ್ತು ರೋಗಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಟಿ ಕೋಶಗಳಿಗೆ ಗುರುತು ತೋರಿಸುವ ಒಂದೇ ಬಗೆಯ ವಂಶವಾಹಿ ಇತ್ತು. ಹುಳಿಗೆ ಹಾಕುವ ಚಿಟಿಕೆಯ ಮಾತಲ್ಲ ಇದು, ಸಾಂದ್ರಗೊಳಿಸಿ ತುಂಬಿದ ಮಾತ್ರೆಯ ಮಾತು. ಆ ಏಳು ಮಂದಿಯ ಕಾವಲುಗಾರರ ಕೈಯಲ್ಲಿರುವ ಫೋಟೊ ಆಲ್ಬಮ್ಮೇ ಬೇರೆ.

ಟೊರಾಂಟೊದ ಜ್ಯಾಕ್ ಯೂಟ್ರೆಕ್ಟ್ ಅವರ ತಂಡ ಚಿಟ್ಟಿಲಿಗಳಿಗೆ ಅಮೊಡಿಯಾಕ್ವಿನ್ ಎಂಬ ಮಲೇರಿಯಾ ಔಷಧ ಕೊಟ್ಟು ನೋಡಿತು. ಸ್ವಲ್ಪ ಗಾಯ, ಆಮೇಲೆ ತಾನಾಗಿ ವಾಸಿ. ಆಮೇಲೆ ಆ ಇಲಿಗಳ ಸೈರಣೆಯ ಎರಡು ಬ್ರೇಕುಗಳನ್ನು ಬಿಚ್ಚಿದರು. ಅದೇ ಔಷಧ ಈಗ ಗಂಭೀರವಾದ ಲಿವರ್ ಕಾಯಿಲೆ ತಂದಿತು. ಇದೇ ಎರಡು ಬ್ರೇಕುಗಳ ಅಧ್ಯಯನಕ್ಕೆ 2018ರಲ್ಲಿ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ನೊಬೆಲ್ ಬಂತು. ಬ್ರೇಕು ಬಿಚ್ಚಿದರೆ ರಕ್ಷಣಾ ಕೋಶಗಳು ಕ್ಯಾನ್ಸರಿನ ಮೇಲೆ ಮುಗಿಬೀಳುತ್ತವೆ, ಎಷ್ಟೋ ಜೀವ ಉಳಿದಿದೆ. ಮಾರುಕಟ್ಟೆಯಲ್ಲಿರುವ ಅಪ್ಪಟ ಇಮ್ಯುನಿಟಿ ಬೂಸ್ಟರ್ ಎಂದರೆ ಬ್ರೇಕು ಬಿಚ್ಚುವ ಈ ಔಷಧವೇ ರಾಯರೆ. ಇದನ್ನು ಕೊಡುವ ವೈದ್ಯರು ಮತ್ತೆಮತ್ತೆ ಬರೆದುಕೊಡುವ ಪರೀಕ್ಷೆಗಳಲ್ಲಿ ಲಿವರಿನದು ಇದ್ದೇ ಇರುತ್ತದೆ, ಬಿಚ್ಚಿದ ಬ್ರೇಕಿನ ಬಿಸಿ ಕೆಲವರಲ್ಲಿ ಅಲ್ಲಿಗೂ ತಟ್ಟುವುದರಿಂದ.

8. ವಾರಂಟಿ

ಯಂತ್ರದ ಮೂರನೇ ಎರಡು ಭಾಗ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. 1931ರಲ್ಲಿ ಹಿಗಿನ್ಸ್ ಮತ್ತು ಆ್ಯಂಡರ್ಸನ್ ಇಲಿಗಳಲ್ಲಿ ಇದನ್ನು ತೋರಿಸಿದ ವಿಧಾನ ಇಂದಿಗೂ ಪ್ರಯೋಗಾಲಯಗಳ ಪಾಠ. ಬೆಳೆಯಲು ಅಪ್ಪಣೆ ಕೊಡುವ ಸೀಟಿಗಳಲ್ಲಿ ಒಂದನ್ನು ಊದುವವರು ಕುಪ್ಫರ್ ಕೋಶಗಳು. ಆ ಸೀಟಿಯಿಲ್ಲದೆ ಹುಟ್ಟಿಸಿದ ಇಲಿಗಳಲ್ಲಿ ಲಿವರ್ ಮರಳಿ ಬೆಳೆಯಲು ತಿಣುಕಾಡಿತು.

ವಾರಂಟಿ ಅನ್ವಯಿಸದ ಸಂದರ್ಭ ಒಂದಿದೆ. ಸೀಟಿ ವರ್ಷಗಟ್ಟಲೆ ನಿಲ್ಲದಿದ್ದರೆ ಪಕ್ಕದ ಮನೆಯ ಉಗ್ರಾಣದವರು, 1876ರ ಆ ಅಸಲಿ ನಕ್ಷತ್ರಗಳು, ಎ ವಿಟಮಿನ್ ಚೆಲ್ಲಿ ಎದ್ದು ಬರುತ್ತಾರೆ. ಕೊಲ್ಯಾಜೆನ್ ಎಂಬ ಹಗ್ಗ ನೇಯಲು ಕೂರುತ್ತಾರೆ. ಗೋಡೆಯ ಜಾಲರಿ ಮುಚ್ಚುತ್ತದೆ, ಗಲ್ಲಿ ಬಿಗಿಯುತ್ತದೆ, ಮೃದುವಾದ ಯಂತ್ರ ಗಂಟುಗಂಟಾಗುತ್ತದೆ. ಸಿರೋಸಿಸ್ ಎಂಬುದು ಈ ಹಗ್ಗದ ಲೆಕ್ಕ. ಬೇಗ ವಿಷ ನಿಲ್ಲಿಸಿದರೆ ಹಗ್ಗ ಸ್ವಲ್ಪ ಕರಗುವುದೂ ಉಂಟು. ಕರಗಿಸುವವರು ಮತ್ತಾರಲ್ಲ, ದೊಣ್ಣೆ ಕೆಳಗಿಟ್ಟ ಅದೇ ದಿನಗೂಲಿಯವರು.

ಮುದ್ರಕರ ಸೂಚನೆ: ಮೇಲಿನ ಅಧ್ಯಾಯದ ಬಹುಪಾಲು ಇಲಿಗಳ ಆವೃತ್ತಿಯಿಂದ ನಕಲಾದದ್ದು. ಮನುಷ್ಯರ ಲಿವರಿನಲ್ಲಿ ದಂಡಿಯಾಗಿರುವ ಮೈಟ್ ಎಂಬ ಒಂದು ಬಗೆಯ ಟಿ ಕೋಶ ಚಿಟ್ಟಿಲಿಯಲ್ಲಿ ಹುಡುಕಿದರೂ ಅಪರೂಪ. ಚಿಟ್ಟಿಲಿಯಲ್ಲಿ ಹೇರಳವಾಗಿರುವ ಇನ್ನೊಂದು ಬಗೆ ನಮ್ಮಲ್ಲಿ ಬಹಳ ಕಡಿಮೆ. ಮಾದರಿ ಸಂಖ್ಯೆ ನೋಡಿಕೊಂಡು ಬಳಸಿ.

9. ನೋಂದಣಿ ಪತ್ರ

ವೈದ್ಯರ ಬಳಿ ಹೋಗುವ ಮುನ್ನ ಕೆಳಗಿನದನ್ನು ತುಂಬಿ: ಸೇವಿಸುತ್ತಿರುವ ಮಾತ್ರೆಗಳು, ಬೇರೆ ಬೇರೆ ಹೆಸರಿನಲ್ಲಿದ್ದರೆ ಎಲ್ಲವೂ. ಮದ್ಯ, ಹೌದೆಂದಾದರೆ ನಿಜವಾದ ಅಳತೆ. ಇನ್ನೇನಾದರೂ.

ರಾಯರು ಮಾದರಿಗೆಂದು ತುಂಬಿಕೊಟ್ಟರು. ಬಿಪಿ ಮಾತ್ರೆ ಒಂದು, ಮದ್ಯ ಇಲ್ಲ. ‘ಇನ್ನೇನಾದರೂ’ ಎಂಬಲ್ಲಿ ‘ಏನೂ ಇಲ್ಲ’ ಎಂದು ಬರೆದು ಪೆನ್ನಿನ ಕ್ಯಾಪ್ ಹಾಕಿದರು.

ಒಳಗಿನಿಂದ ಅವರ ಮನೆಯವರ ದನಿ ಬಂತು. “ಆ ಕಷಾಯ ಬರೀರಿ. ಮಗಳು ಕಳಿಸಿದ ಅರಿಶಿನದ ಮಾತ್ರೆ ಡಬ್ಬೀನೂ ಬರೀರಿ.”

“ಅದು ಔಷಧಿ ಅಲ್ಲ ಕಣೇ,” ಎಂದರು ರಾಯರು. ಹಾಗೆನ್ನುತ್ತಲೇ ಕ್ಯಾಪ್ ಮತ್ತೆ ತೆಗೆದರು.